ಉಪಮಂತ್ರಿಗಳು ತಿದ್ದಿದ ಉತ್ತರ

ಆ ಹಲಗೆಯ ತುಂಡು ಎಷ್ಟು ಉದ್ದವಿತ್ತೆಂದು ಯಾರಾದರೂ ಕೇಳಿದರೆ ನಾನು ಒಂದು ಮೊಳ ಎನ್ನುತ್ತೇನೆ. ನನ್ನ ದಿನಚರಿಯಲ್ಲಿ ‘ಗೇಣುದ್ದ’ ಎಂದಿದೆ. ದಿನಚರಿ ಬರೆದದ್ದು ಹಲಗೆಯನ್ನು ಕಂಡ ದಿನವೇ. ಮೊಳ ಎನ್ನುತ್ತಿರುವುದು ಮೂರು ವರ್ಷದ ಮೇಲೆ. ಹಾಗಾಗಿ ಗೇಣು ಎಂದೇ ಇಟ್ಟುಕೊಳ್ಳಬೇಕು. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಮೊಳವೇ. ಈ ಬರಹದಲ್ಲಿ ಇಂಥ ತಪ್ಪುಗಳು ಇನ್ನೂ ಇರಬಹುದು. ದಿನಚರಿ ಇರುವಲ್ಲಿ ಅದನ್ನು ನಂಬಿದ್ದೇನೆ, ಇಲ್ಲದಲ್ಲಿ ನನ್ನನ್ನು. ಎರಡನೆಯದನ್ನು ಓದುಗರು ಸ್ವಲ್ಪ ಕಡಿಮೆ ನಂಬಿದರೆ ಒಳ್ಳೆಯದು.

ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ವಿಜಾಪುರ ಜಿಲ್ಲೆಯ ಒಂದು ಹೊಳೆಸಾಲಿನ ತಾಲೂಕಿನಿಂದ ಆರಿಸಿ ಬಂದ ಒಬ್ಬರು ಉಪಮಂತ್ರಿಗಳಾಗಿದ್ದರು. ಅವರ ಕಚೇರಿಯಲ್ಲಿ ನಾನು ಕನ್ನಡ ಸಹಾಯಕಿ. ಧಾರವಾಡದಲ್ಲಿ ಬಿ.ಎ. ಮುಗಿಸಿ ಮುಂಬಯಿಗೆ ಬಂದು, ದಾದರಿನ ಒಂದು ಚಾಳಿನಲ್ಲಿ ಕಾಕಾ-ಕಾಕುವಿನ, ಎಂದರೆ ಚಿಕ್ಕಪ್ಪ-ಚಿಕ್ಕಮ್ಮನ, ಮನೆಯಲ್ಲಿ ಇದ್ದೆ. ಕಾಕಾ ಅದೇ ಖಾತೆಯ ಒಂದು ವಿಭಾಗದಲ್ಲಿ ಸುಪರಿಂಟೆಂಡೆಂಟ್. ಕೆಲಸ ಖಾಲಿ ಇದೆ ಎಂದು ಹೇಳಿ ಅರ್ಜಿ ಹಾಕಿಸಿದವರು ಅವರೇ.

ನನ್ನ ಕೆಲಸ ಎರಡು ಬಗೆಯದು. ಮೊದಲನೆಯದು ಪತ್ರಗಳು. ತಾಲೂಕಿನಿಂದ ದಿನಕ್ಕೆ ಹತ್ತು ಹದಿನೈದು ಕನ್ನಡ ಪತ್ರಗಳು ಬರುತ್ತಿದ್ದವು. ಪ್ರತಿಯೊಂದಕ್ಕೂ ಅದೇ ದಿನ ಒಂದು ಕಾರ್ಡ್ ಹೋಗಬೇಕೆಂಬುದು ಉಪಮಂತ್ರಿಗಳ ಕಟ್ಟಪ್ಪಣೆ. “ಪತ್ರ ಹಾಕಿದಾಂವ ದಿನಾ ಪೋಸ್ಟಿನವನ ಹಾದಿ ಕಾಯ್ತಾನ್ರಿ ಬಾಯಾರ. ಏನೂ ಇಲ್ಲಂದ್ರ ಮುಟ್ಟೇತಿ ಅಂತರ ಬರೀರಿ,” ಎನ್ನುತ್ತಿದ್ದರು. ನಾನು ಬರೆಯುತ್ತಿದ್ದೆ: ‘ತಮ್ಮ ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ.’ ಕೆಳಗೆ ಅವರ ಸಹಿಯ ರಬ್ಬರ್ ಮುದ್ರೆ. ಊರುಗಳಲ್ಲಿ ಈ ಕಾರ್ಡುಗಳನ್ನು ದೇವರ ಪಟದ ಪಕ್ಕ ಸಿಕ್ಕಿಸಿಡುತ್ತಾರೆಂದು ಅವರೇ ಒಮ್ಮೆ ನಗುತ್ತ ಹೇಳಿದ್ದರು. ಕಾರ್ಡ್ ಬರೆದ ಮೇಲೆ ಮೂಲ ಪತ್ರಕ್ಕೆ ‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಅಂಟಿಸಿ ಕೆಳಗಿನ ಮಹಡಿಯ ವಿಭಾಗಕ್ಕೆ ಕಳಿಸುತ್ತಿದ್ದೆ. ಅಲ್ಲಿಗೆ ನನ್ನ ಪಾಲು ಮುಗಿಯಿತು ಎಂದುಕೊಂಡಿದ್ದೆ.

ಎರಡನೆಯದು ಅಧಿವೇಶನದ ಕೆಲಸ. ಉಪಮಂತ್ರಿಗಳು ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಎಂದರೆ ಕನ್ನಡ ಏಳನೆಯ ತರಗತಿ. ಇಂಗ್ಲಿಷನ್ನು ಕೇಳಿದರೆ ಸುಮಾರಾಗಿ ತಿಳಿಯುತ್ತಿತ್ತು, ಓದುವುದು ಕಷ್ಟ. ಸಭೆಯಲ್ಲಿ ಕನ್ನಡದಲ್ಲಿ ಮಾತಾಡಲು ಅಡ್ಡಿಯಿರಲಿಲ್ಲ. ಆದರೆ ಖಾತೆಯ ಉತ್ತರಗಳು ಇಂಗ್ಲಿಷಿನಲ್ಲಿ ಅಚ್ಚಾಗುತ್ತಿದ್ದವು, ಅಚ್ಚಾದದ್ದನ್ನೇ ಓದಬೇಕು. ಹಾಗಾಗಿ ನಾನು ಪ್ರತಿ ಉತ್ತರವನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದುಕೊಡುತ್ತಿದ್ದೆ, ಉಸಿರು ತೆಗೆದುಕೊಳ್ಳುವ ಕಡೆ ಅಡ್ಡಗೆರೆ ಹಾಕಿ. ‘ನೋ ಸರ್. | ದಿ ಕ್ವೆಶ್ಚನ್ | ಡಸ್ ನಾಟ್ ಅರೈಸ್.’ ಬೆಳಿಗ್ಗೆ ಒಂಬತ್ತಕ್ಕೆ ಅವರು ಅದನ್ನು ನನ್ನ ಮುಂದೆ ಓದಿ ಅಭ್ಯಾಸ ಮಾಡುತ್ತಿದ್ದರು. ತಪ್ಪಿದರೆ ನಾಚಿಕೆಪಡುತ್ತಿರಲಿಲ್ಲ. “ನಿಮಗ ಎತ್ತು ಹೂಡಾಕ ಬರ್ತದೇನು? ನನಗ ಇದು ಬರಂಗಿಲ್ಲ, ಅಷ್ಟ,” ಎನ್ನುತ್ತಿದ್ದರು.

ರಾಜ್ಯ ಒಡೆಯುವುದು ಖಚಿತವಾಗಿದ್ದ ವರ್ಷದ ಬಜೆಟ್ ಅಧಿವೇಶನ ಅದು. ಮುಂಬಯಿ ಯಾರಿಗೆ ಎಂಬ ದೊಡ್ಡ ಜಗಳದ ನಡುವೆ ನಮ್ಮ ಕಚೇರಿಗೆ ಒಂದು ಸಣ್ಣ ಪ್ರಶ್ನೆ ಬಂತು. ಪಕ್ಕದ ತಾಲೂಕಿನ ವಿರೋಧಪಕ್ಷದ ಸದಸ್ಯರು ಕೇಳಿದ್ದರು. ಹೊಳೆಯಾಚೆಯ ಒಂದು ಹಳ್ಳಿಗೆ ಹೋಗಿಬರಲು ಇರುವ ಸರಕಾರಿ ದೋಣಿ ಕೊಳೆತಿರುವುದು ನಿಜವೇ? ಈ ಬಗ್ಗೆ ಊರಿನವರಿಂದ ಅರ್ಜಿ ಬಂದಿದೆಯೇ? ಬಂದಿದ್ದರೆ ಏನು ಕ್ರಮ? ಹಳ್ಳಿ ನಮ್ಮ ಉಪಮಂತ್ರಿಗಳ ತಾಲೂಕಿನದೇ.

ವಿಭಾಗದಿಂದ ಉತ್ತರ ಬಂತು. ಒಂದಕ್ಕೆ ಇಲ್ಲ. ಎರಡಕ್ಕೆ ಇಲ್ಲ. ಮೂರನೆಯ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಅಭ್ಯಾಸಕ್ಕೆ ಕೂತಾಗ ಉಪಮಂತ್ರಿಗಳು ಮೊದಲ ‘ನೋ ಸರ್’ ಹತ್ತಿರ ನಿಂತರು. “ಈ ದೋಣಿ ನಾ ಬಲ್ಲೆ,” ಎಂದರು.

ಅವರ ಖಾಸಗಿ ಕಾರ್ಯದರ್ಶಿ ಪುಣೆಯ ಕಡೆಯವರು. ಕಚೇರಿಯ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು. ಎರಡು ವರ್ಷದ ಹಿಂದಿನ ತಪಾಸಣೆ ವರದಿಯಲ್ಲಿ ದೋಣಿ ಬಳಕೆಗೆ ಯೋಗ್ಯವೆಂದಿದೆ, ಅದಕ್ಕಿಂತ ಹೊಸ ಕಾಗದ ಕಡತದಲ್ಲಿಲ್ಲವೆಂದು ವಿಭಾಗ ಬರೆದಿದೆ ಎಂದು ಅವರು ತೋರಿಸಿದರು. ಉಪಮಂತ್ರಿಗಳು ವರದಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮುಂದಿನ ಉತ್ತರದ ಹಾಳೆಗೆ ಕೈಚಾಚಿದರು.

ಮಧ್ಯಾಹ್ನ ಸಭೆಯಲ್ಲಿ ಎರಡೂ ಕಡೆ ‘ನೋ ಸರ್’ ಸರಿಯಾಗಿಯೇ ಓದಿದರು. ಪ್ರಶ್ನೆ ಕೇಳಿದ ಸದಸ್ಯರು ಎದ್ದು, ಉಪಮಂತ್ರಿಗಳು ತಮ್ಮ ತಾಲೂಕಿನ ಆ ದೋಣಿಯಲ್ಲಿ ಕೊನೆಯ ಸಲ ಕೂತದ್ದು ಯಾವಾಗ ಎಂದು ಕನ್ನಡದಲ್ಲೇ ಕೇಳಿದರು. “ಓಟು ಕೇಳಾಕ ಹೋದಾಗ,” ಎಂದರು ಇವರು. ಸಭೆ ನಕ್ಕಿತು. ಅಧಿಕಾರಿಗಳ ಗ್ಯಾಲರಿಯಲ್ಲಿ ಕೂತಿದ್ದ ನಾನೂ ನಕ್ಕೆ. ಇದು ದಿನಚರಿಯಲ್ಲಿದೆ.

ಒಂದು ವಾರ ಕಳೆದಿರಬೇಕು. ಭೇಟಿಗೆ ಬಂದವರು ಕೂರುವ ಬೆಂಚಿನ ಕಡೆಯಿಂದ ಒಬ್ಬ ಮುದುಕ ನೇರವಾಗಿ ನನ್ನ ಮೇಜಿಗೆ ಬಂದ. ತಲೆಗೆ ರುಮಾಲು, ಕಂಕುಳಲ್ಲಿ ಧೋತರದ ತುಂಡಿನಲ್ಲಿ ಸುತ್ತಿದ ಏನೋ ಒಂದು.

“ಕಾರ್ಡ್ ಬರಿಯೂ ಬಾಯಾರು ಇಲ್ಲಿ ಯಾರ್ರಿ?”

ನಾನೇ ಎಂದೆ.

“ನೀವಾ? ಅಕ್ಷರ ನೋಡಿ ನಾವು ಯಾರೋ ವಯಸ್ಸಾದಾಕಿ ಅಂತ ತಿಳದಿದ್ವಿ.”

ರುಮಾಲಿನ ಮಡಿಕೆಯಿಂದ ಕಾರ್ಡ್ ತೆಗೆದು ಮುಂದಿಟ್ಟ. ನನ್ನದೇ ಅಕ್ಷರ. ತಮ್ಮ ಪತ್ರ ತಲುಪಿದೆ. ಆ ಕಾರ್ಡ್ ಬರೆದದ್ದು ನನಗೆ ಚೂರೂ ನೆನಪಿರಲಿಲ್ಲ. ಅದರ ಮೇಲಿನ ತಾರೀಖಿನ ಪುಟವನ್ನು ಮನೆಗೆ ಹೋಗಿ ತೆಗೆದು ನೋಡಿದೆ: ‘ಹದಿನಾರು ಕಾರ್ಡ್ ಬರೆದೆ. ಕೈ ನೋವು.’ ಅಷ್ಟೇ ಇತ್ತು.

ಅವನು ಆ ದೋಣಿಯ ಅಂಬಿಗ. “ಮಾಸ್ತರು ಪೇಪರ್ ಓದಿ ಹೇಳಿದ್ರು. ಅರ್ಜಿನ ಬಂದಿಲ್ಲ ಅಂತ ಗೌಡ್ರು ಮುಂಬೈದಾಗ ಹೇಳ್ಯಾರಂತ. ಊರ ಮಂದಿ ಕೇಳ್ತಾರ, ಹಂಗಾರ ಈ ಕಾರ್ಡ್ ಎಲ್ಲಿಂದ ಬಂತು, ಗಿಡದಿಂದ ಉದುರಿತೇನು ಅಂತ. ನೋಡ್ಕೊಂಡ ಬಾ ಅಂತ ನನ್ನ ಕಳಿಸ್ಯಾರ.”

ಒಳಗೆ ಕರೆದುಕೊಂಡು ಹೋದೆ. ಉಪಮಂತ್ರಿಗಳು ಅವನನ್ನು ಕಂಡೊಡನೆ ಗುರುತಿಸಿದರು.

“ಏನಪಾ, ದೋಣಿ ಬಿಟ್ಟು ರೈಲು ಹತ್ತೀ?”

“ದೋಣಿ ಹೊತಗೊಂಡ ಬರಾಕ ಆಗ್ಲಿಲ್ರಿ ಗೌಡ್ರ. ಅದಕ್ಕ ಅದರಾಗಿಂದ ಒಂದು ತುಂಡು ತಂದೇನಿ.”

ಬಟ್ಟೆ ಬಿಚ್ಚಿ ಹಲಗೆಯ ತುಂಡನ್ನು ಮೇಜಿನ ಗಾಜಿನ ಮೇಲೆ ಇಟ್ಟ. ಖಾಸಗಿ ಕಾರ್ಯದರ್ಶಿಗಳು ಕಡತಗಳನ್ನು ಪಕ್ಕಕ್ಕೆ ಎಳೆದುಕೊಂಡರು. ಉಪಮಂತ್ರಿಗಳು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಉಗುರಿನ ತನಕ ಒಳಕ್ಕೆ ಹೋಯಿತು. ಹೊರಗೆ ತೆಗೆದಾಗ ಕಂದು ಪುಡಿ ಗಾಜಿನ ಮೇಲೆ ಉದುರಿತು.

“ಮಳಿಗಾಲಕ್ಕ ನಾ ಇದನ್ನ ನೀರಿಗೆ ಬಿಟ್ರ ನಲವತ್ತು ಮಂದಿ ಕೂಡ್ತಾರ,” ಎಂದ ಅಂಬಿಗ. “ಬಿಡ್ಲಿಲ್ಲಂದ್ರ ಹೊಳಿ ಇಳಿಯೂತನಾ ನಾಕು ತಿಂಗಳ ಊರು ಆಚಿಗೇ. ಸಂತಿ ಇಲ್ಲ, ದವಾಖಾನಿ ಇಲ್ಲ. ಎರಡರಾಗ ಒಂದು ನೀವ ಹೇಳ್ರಿ. ನೀವು ಹೇಳಿದಂಗ ನಾ ಮಾಡ್ತೀನಿ.”

ಹೊಸ ದೋಣಿ ಕೊಡಿಸುವುದು ಉಪಮಂತ್ರಿಗೆ ದೊಡ್ಡ ಕೆಲಸವಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ನಮಗೆ ಮೂವರಿಗೂ ಗೊತ್ತಿತ್ತು: ದೋಣಿ ಚೆನ್ನಾಗಿದೆ, ದೂರು ಇಲ್ಲ ಎಂದು ಸಭೆಗೆ ಹೇಳಿ ಒಂದು ವಾರವಾಗಿತ್ತು. ಚೆನ್ನಾಗಿರುವ ದೋಣಿಯನ್ನು ಬದಲಿಸಬೇಕೆಂಬ ಟಿಪ್ಪಣಿಗೆ ಖಾತೆಯಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ. ಆ ಉತ್ತರ ಹಾಗೇ ನಿಂತಿರುವವರೆಗೆ ದೋಣಿ ಬರುವಂತಿರಲಿಲ್ಲ. ಮಳೆಗೆ ಎರಡೂವರೆ ತಿಂಗಳಿತ್ತು.

ಅರ್ಜಿ ಎಲ್ಲಿಗೆ ಹೋಯಿತು ಎಂದು ಹುಡುಕಲು ನನ್ನನ್ನು ಕೆಳಗೆ ಕಳಿಸಿದರು. ಕಾಕಾನ ವಿಭಾಗ. “ಕಾಕಾ,” ಎಂದೆ. ಅವರು ಸುತ್ತ ನೋಡಿ ಮೆಲ್ಲಗೆ, “ಇಲ್ಲಿ ಕಾಕಾ ಅನಬ್ಯಾಡವಾ, ಎಲ್ಲಾರೂ ಕೇಳ್ತಾರ,” ಎಂದರು. ಬಂದ ಕಾಗದಗಳನ್ನು ವಿಷಯವಾರು ನಮೂದಿಸುವ ದಪ್ಪ ರಜಿಸ್ಟರನ್ನು ತರಿಸಿದರು. ಇಂಗ್ಲಿಷ್ ಅಕ್ಷರಾನುಕ್ರಮ. ದೋಣಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೇನು ಶಬ್ದ ಹೊಳೆಯಿತೋ ಎಲ್ಲವನ್ನೂ ನೋಡಿದೆವು. ನದಿ, ಸೇತುವೆ, ಹಳ್ಳಿಯ ಹೆಸರು, ತಾಲೂಕಿನ ಹೆಸರು. ಇಲ್ಲ.

“ನೋಡು, ಇಲ್ಲ ಅಂದ್ರ ಇಲ್ಲ. ನಾವು ಬರದದ್ದು ಖರೇನ ಅದ,” ಎಂದರು ಕಾಕಾ.

ಹಾಳೆ ತಿರುವುತ್ತಿದ್ದಾಗ ಕೆ ಅಕ್ಷರದ ಪುಟಗಳು ಬೇರೆಯವಕ್ಕಿಂತ ಕೊಳೆಯಾಗಿರುವುದು ಕಾಣಿಸಿತು. ಒಂದೇ ಶೀರ್ಷಿಕೆ, ಪುಟದ ಮೇಲೆ ಪುಟ: ‘ಕನ್ನಡ ಲೆಟರ್’. ನಮೂದಿಸುವ ಗುಮಾಸ್ತನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನನ್ನ ಚೀಟಿಯಲ್ಲಿ ‘ಕನ್ನಡ’ ಎಂದು ಮಾತ್ರ ಇರುತ್ತಿತ್ತು. ಅವನು ಅದನ್ನೇ ವಿಷಯವೆಂದು ಬರೆದುಕೊಂಡು ಪತ್ರವನ್ನು ಅನುವಾದಕರ ಕಪಾಟಿಗೆ ಹಾಕುತ್ತಿದ್ದ. ಕನ್ನಡ ಅನುವಾದಕರು ಒಬ್ಬರೇ, ಅವರು ಚಳಿಗಾಲದಿಂದ ರಜೆಯಲ್ಲಿದ್ದರು. ಬೆಳೆ, ಬಾವಿ, ಶಾಲೆ, ದೋಣಿ ಎಲ್ಲವೂ ಆ ಒಂದು ಶೀರ್ಷಿಕೆಯ ಕೆಳಗೆ ಕಪಾಟಿನಲ್ಲಿದ್ದವು. ಆ ಊರಿನ ಅಂಚೆಮುದ್ರೆಯ ಎರಡು ಅರ್ಜಿಗಳು ಅರ್ಧ ಗಂಟೆಯಲ್ಲಿ ಸಿಕ್ಕವು. ಎರಡರಲ್ಲೂ ಹೆಬ್ಬೆಟ್ಟುಗಳ ಸಾಲು.

ಚೀಟಿಯ ಮೇಲೆ ಒಂದು ಸಾಲು ಇಂಗ್ಲಿಷಿನಲ್ಲಿ ವಿಷಯ ಬರೆಯಲು ನನಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ಪತ್ರ ಓದಿಯೇ ಇರುತ್ತಿದ್ದೆ. ಯಾರೂ ಬರೆಯಲು ಹೇಳಿರಲಿಲ್ಲ ಎಂಬುದು ನಿಜ. ಕಾಕಾನೂ ನನ್ನನ್ನು ಬೈಯಲಿಲ್ಲ. “ಇವು ನನ್ನ ಕಣ್ಣಿಗೆ ಬಿದ್ದಿದ್ರ ನಾ ಹೇಳ್ತಿರಲಿಲ್ಲೇನು?” ಎಂದಷ್ಟೇ ಅಂದರು. ಅವರ ಮಾತನ್ನು ಅಂದು ಹಾಗೇ ಬರೆದಿಟ್ಟಿದ್ದೇನೆ.

ಅರ್ಜಿಗಳು ಸಿಕ್ಕಿದ ಸುದ್ದಿ ಖಾತೆಯ ಮಂತ್ರಿಗಳಿಗೆ, ಎಂದರೆ ನಮ್ಮ ಉಪಮಂತ್ರಿಗಳ ಮೇಲಿನವರಿಗೆ, ಮುಟ್ಟಿತು. ಈ ಅಧಿವೇಶನದಲ್ಲಿ ಇದನ್ನು ಕೆದಕುವುದು ಬೇಡ, ರಾಜ್ಯವೇ ಒಡೆಯುತ್ತಿರುವಾಗ ಒಂದು ದೋಣಿಗಾಗಿ ತಪ್ಪೊಪ್ಪಿಗೆ ಏಕೆ, ನವೆಂಬರಿನ ನಂತರ ಆ ಹಳ್ಳಿ ಹೊಸ ರಾಜ್ಯದ ಪಾಲು ಎಂದು ಅವರು ಹೇಳಿಕಳಿಸಿದರು.

ಸಂಜೆ ಖಾಸಗಿ ಕಾರ್ಯದರ್ಶಿಗಳು ನನ್ನ ಮೇಜಿನ ಬಳಿ ನಿಂತರು. “ಬಾಯಿ, ತೇ ಕಾರ್ಡ್ ಆಪಲ್ಯಾಕಡೇ ಠೇವಾ,” ಎಂದರು. ಆ ಕಾರ್ಡನ್ನು ನಮ್ಮ ಬಳಿಯೇ ಇಟ್ಟುಕೊಳ್ಳಿ ಎಂದು. ಅರ್ಜಿಗಳು ನಮ್ಮ ಕಪಾಟಿನಲ್ಲಿದ್ದವು. ಕಾರ್ಡೂ ನಮ್ಮಲ್ಲಿಗೆ ಬಂದರೆ ಉತ್ತರ ಸುಳ್ಳೆಂದು ತೋರಿಸುವ ಕಾಗದ ಹೊರಗೆ ಒಂದೂ ಉಳಿಯುತ್ತಿರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ತಮ್ಮ ಸಾಹೇಬರ ಸ್ಥಾನ ಉಳಿಸುವುದು ಅವರ ಕೆಲಸ, ಅದನ್ನು ಮಾಡುತ್ತಿದ್ದರು.

ಬೆಂಚಿನ ಮೇಲೆ ಕೂತಿದ್ದ ಅಂಬಿಗನಿಂದ ನಾನು ಕಾರ್ಡ್ ಕೇಳಿದೆ. ಅವನು ಏಕೆ ಎಂದು ಕೇಳದೆ ಕೊಟ್ಟ. ಅಂದಿನ ಪುಟದಲ್ಲಿ ‘ಕಾರ್ಡ್ ಪಡೆದೆ’ ಎಂದು ಮಾತ್ರ ಇದೆ. ಕಾರಣ ಬರೆದಿಲ್ಲ. ಆಮೇಲೆ ಬೇಕಾದಷ್ಟು ಕಾರಣಗಳನ್ನು ಯೋಚಿಸಿದ್ದೇನೆ, ಆದರೆ ಅವೆಲ್ಲ ಆಮೇಲಿನವು.

ಅಂಬಿಗ ಧಾರಾವಿಯಲ್ಲಿ ಚರ್ಮದ ಕೆಲಸಕ್ಕಿದ್ದ ತನ್ನೂರಿನವನ ಖೋಲಿಯಲ್ಲಿ ಇಳಿದುಕೊಂಡಿದ್ದ. ಮರುದಿನ ಹತ್ತು ಗಂಟೆಗೆ ಸರಿಯಾಗಿ ಮತ್ತೆ ಬೆಂಚಿನ ಮೇಲಿದ್ದ. ಮಧ್ಯಾಹ್ನ ಅವನನ್ನು ಚರ್ಚ್‌ಗೇಟ್ ಬಳಿಯ ಒಂದು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದೆ. ಇಡ್ಲಿಯನ್ನು ಮುರಿದು ಬಾಯಿಗಿಟ್ಟು ಮುಖ ಕಿವುಚಿದ.

“ಇದಕ್ಕ ಉಪ್ಪು ಖಾರ ಏನೂ ಇಲ್ಲಲ್ಲವಾ. ಬ್ಯಾನಿ ಬಿದ್ದವರಿಗೆ ಮಾಡ್ಯಾರೇನು?”

ಬಡಿಸುತ್ತಿದ್ದ ಕುಂದಾಪುರದವರಿಗೆ ಅದು ಕೇಳಿಸಿತು. “ಚಟ್ನಿ ಹಾಕಿಕೊಳ್ಳಿ ಮಾರಾಯ್ರೆ. ಬರೀ ಇಡ್ಲಿ ತಿಂದು ನಮ್ಮ ಹೋಟ್ಲಿನ ಹೆಸ್ರು ಹಾಳು ಮಾಡ್ಬೇಡಿ.”

“ಇಂವ ಮಾತಾಡೂದು ಕನ್ನಡನಾ?” ಎಂದು ಅಂಬಿಗ ನನ್ನ ಕಡೆ ಬಗ್ಗಿ ಕೇಳಿದ.

“ನೀವು ಮಾತಾಡೂದು ಕನ್ನಡವಾದ್ರೆ ನಾನು ಮಾತಾಡೂದೂ ಕನ್ನಡವೇ,” ಎಂದು ಅವರು ಇನ್ನಷ್ಟು ಚಟ್ನಿ ಸುರಿದು ಹೋದರು.

ಕೈತೊಳೆದು ಬಂದ ಮೇಲೆ ನಾನು ಕಾರ್ಡನ್ನು ಅವನ ಮುಂದೆ ಇಟ್ಟೆ. “ಇದು ನಿಮ್ಮದು. ಯಾರು ಕೇಳಿದರೂ ಕೊಡಬೇಡಿ.”

“ನಿನ್ನಿ ನೀವ ಕೇಳಿದ್ರಲ್ಲವಾ?”

“ನಾನು ಕೇಳಿದರೂ.”

ಕಾರ್ಡನ್ನು ರುಮಾಲಿನೊಳಗೆ ಸೇರಿಸಿ ಮತ್ತೆ ಕಟ್ಟಿಕೊಂಡ. ಕಚೇರಿಗೆ ಹಿಂತಿರುಗಿ ಖಾಸಗಿ ಕಾರ್ಯದರ್ಶಿಗಳಿಗೆ ಹೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಬಾಗಿಲು ತೆರೆದೇ ಇತ್ತು, ಒಳಗಿನಿಂದ ಉಪಮಂತ್ರಿಗಳು ಇಬ್ಬರನ್ನೂ ಕರೆದರು.

“ಬಾಯಾರು ಕೊಟ್ಟದ್ದು ಸರಿ ಐತಿ. ಕಾರ್ಡಿನ ಮ್ಯಾಲ ನನ್ನ ಸಹಿ ಐತೋ ಇಲ್ಲೋ?”

ರಬ್ಬರ್ ಮುದ್ರೆ ಎಂದು ನೆನಪಿಸಿದರು ಕಾರ್ಯದರ್ಶಿಗಳು.

“ರಬ್ಬರಿಂದಾದ್ರೂ ನಂದ ಅಲ್ಲೇನು? ಉತ್ತರ ತಿದ್ದಬೇಕು. ಸಭಾಪತಿಗಳಿಗೆ ನೋಟೀಸ್ ಬರೀರಿ.”

ಅವರು ಇದನ್ನು ಯಾವಾಗ ನಿರ್ಧರಿಸಿದರು ಎಂದು ನನಗೆ ಗೊತ್ತಿಲ್ಲ. ನಾನು ಕಾರ್ಡ್ ಹಿಂತಿರುಗಿಸಿದ ಕಾರಣಕ್ಕೆ ಎಂದು ಬಹಳ ದಿನ ನಂಬಿದ್ದೆ. ಈಗ ನಂಬುವುದಿಲ್ಲ. ಹಲಗೆಯಲ್ಲಿ ಬೆರಳು ಇಳಿದ ಹೊತ್ತಿಗೇ ಅದು ಆಗಿರಬಹುದು.

ಸಭೆಯಲ್ಲಿ ಕೊಟ್ಟ ಉತ್ತರವನ್ನು ತಿದ್ದಲು ಒಂದು ಕ್ರಮವಿದೆ. ಸಭಾಪತಿಗಳಿಗೆ ಪತ್ರ ಬರೆದು ಅನುಮತಿ ಪಡೆಯಬೇಕು, ಹೇಳಿಕೆಯ ಪ್ರತಿಯನ್ನು ಮೊದಲೇ ಕೊಡಬೇಕು, ಪ್ರಶ್ನೋತ್ತರ ಮುಗಿದ ಮೇಲೆ ಕರೆದಾಗ ಓದಬೇಕು. ಮೊದಲ ದಿನ ಕರೆಯಲಿಲ್ಲ. ಎರಡನೆಯ ದಿನ ಗದ್ದಲವಾಗಿ ಸಭೆ ಬೇಗ ಮುಗಿಯಿತು. ಅಂಬಿಗ ದಿನವೂ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಅಷ್ಟರಲ್ಲಿ ಹೇಳಿಕೆಯ ಕರಡು ಖಾತೆಯ ಕಾರ್ಯದರ್ಶಿಗಳಿಂದ ತಿದ್ದುಪಡಿಯಾಗಿ ಬಂತು. ಒಂದು ಸಾಲು ಹೊಸದಾಗಿ ಸೇರಿತ್ತು: ಈ ಲೋಪವು ವಿಭಾಗದ ಸುಪರಿಂಟೆಂಡೆಂಟರ ಅಲಕ್ಷ್ಯದಿಂದ ಆಗಿದ್ದು, ಅವರ ವಿರುದ್ಧ ಕ್ರಮ ಕೈಗೊಳ್ಳಲಾಗುವುದು.

ಅದನ್ನೂ ನಾನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದೆ. ಉಸಿರಿನ ಅಡ್ಡಗೆರೆಗಳನ್ನೂ ಹಾಕಿದೆ. ಕಾಕಾ ನಿವೃತ್ತಿಯಾಗಲು ಇನ್ನು ಒಂದು ವರ್ಷವಿತ್ತು. ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ಅವರಿಗೆ ಹೇಳಲಿಲ್ಲ. ಅದು ಗುಟ್ಟಿನ ಕಾಗದ ಎಂಬುದು ನನ್ನ ನೆಪ.

ಮೂರನೆಯ ದಿನ ಬೆಳಿಗ್ಗೆ ಅಭ್ಯಾಸ. ಉಪಮಂತ್ರಿಗಳು ಒಂದೊಂದೇ ತುಂಡು ಓದುತ್ತ ಬಂದರು. ಆ ಸಾಲಿಗೆ ಬಂದಾಗ ನನ್ನ ಕಡೆ ನೋಡಿದರು.

“ಈ ಸುಪರಿಂಟೆಂಡೆಂಟ್ ಅಂದ್ರ ಯಾರು?”

“ನಮ್ಮ ಕಾಕಾ,” ಎಂದೆ.

“ಗೊತ್ತೈತಿ. ನಿಮ್ಮ ಬಾಯಿಲೆ ಬರ್ತದೇನು ಅಂತ ನೋಡಿದೆ.” ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದರು. “ಇಲ್ಲ ಅಂತ ಓದಿದಾಂವ ನಾನು. ಓದಕಿಂತ ಮೊದಲು ದೋಣಿ ನಾ ಬಲ್ಲೆ ಅಂತ ಅಂದಾಂವನೂ ನಾನ. ಬಲ್ಲಂವ ಯಾಕ ಓದಿದಿ ಅಂತ ಯಾರರ ಕೇಳಿದ್ರ ಅದಕ್ಕ ಕಾಕಾ ಏನ ಹೇಳ್ಯಾನು?”

“ಇದು ನನಗೋಸ್ಕರವೇ ಸಾಹೇಬ್ರೆ?” ಎಂದು ಕೇಳಿದೆ. ಆ ಧೈರ್ಯ ಹೇಗೆ ಬಂತೋ.

“ನಿಮಗ ಅಂತ ತಿಳಕೊಂಡ್ರ ನಿಮಗ ತ್ರಾಸು. ಸುಮ್ನ ಬಿಡ್ರಿ. ಈ ಶಬ್ದ ಹೆಂಗ ಓದೂದು ಹೇಳ್ರಿ, ‘ರಿ-ಗ್ರೆಟ್’ ಅಲ್ಲ?”

ಮಧ್ಯಾಹ್ನ ಕರೆದರು. ಅವರು ಎದ್ದು ನಿಂತು ನಿಧಾನವಾಗಿ ಓದಿದರು. ಇಂಥ ದಿನ ಕೊಟ್ಟ ಉತ್ತರ ತಪ್ಪಾಗಿತ್ತು, ಎರಡು ಅರ್ಜಿಗಳು ಬಂದಿದ್ದವು, ದೋಣಿ ಬಳಕೆಗೆ ಯೋಗ್ಯವಾಗಿಲ್ಲ, ತಪ್ಪು ಮಾಹಿತಿಗೆ ನಾನೇ ಹೊಣೆ, ವಿಷಾದಿಸುತ್ತೇನೆ. ಬರೆದುಕೊಟ್ಟದ್ದು ಅಲ್ಲಿಗೆ ಮುಗಿಯಿತು. ಅವರು ಕೂರಬೇಕಿತ್ತು. ಕೂರಲಿಲ್ಲ. ಹಾಳೆಯನ್ನು ಮಡಿಚಿ ಕನ್ನಡದಲ್ಲಿ ಹೇಳಿದರು: “ಮಳಿಗಾಲದಾಗ ಆ ಊರಿಗೆ ಹೊಸ ದೋಣಿ ಇರ್ತದ. ಇದು ಸರಕಾರದ ಮಾತು.”

ಈ ಎರಡು ವಾಕ್ಯಕ್ಕೆ ಯಾರ ಅನುಮತಿಯೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಖಾತೆಯ ಮಂತ್ರಿಗಳಿಗೆ ಕನ್ನಡ ಬರುತ್ತಿರಲಿಲ್ಲ. ಪಕ್ಕದವರು ಅವರ ಕಿವಿಯಲ್ಲಿ ಅರ್ಥ ಹೇಳುವಷ್ಟರಲ್ಲಿ ಕನ್ನಡ ವರದಿಗಾರರು ಬರೆದುಕೊಂಡಾಗಿತ್ತು. ಕಡತದಲ್ಲಿ ದೋಣಿ ಕೇಳಿದರೆ ಖಾತೆ ವರ್ಷಗಟ್ಟಲೆ ಪರಿಶೀಲಿಸಬಹುದು. ಮಂತ್ರಿಯೊಬ್ಬರು ಸಭೆಯಲ್ಲಿ ಕೊಟ್ಟ ಭರವಸೆಯನ್ನಾದರೆ ಸಭೆಯ ಕಚೇರಿಯವರು ಬೇರೆ ಪಟ್ಟಿಗೆ ಹಾಕಿ, ನೆರವೇರಿತೋ ಇಲ್ಲವೋ ಎಂದು ಖಾತೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಇಷ್ಟು ವರ್ಷ ಇಂಗ್ಲಿಷನ್ನು ಕನ್ನಡ ಅಕ್ಷರದಲ್ಲಿ ಓದಿದ ಮನುಷ್ಯನಿಗೆ ಆ ಪಟ್ಟಿಯ ಶಕ್ತಿ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಂಜೆ ಖಾತೆಯ ಮಂತ್ರಿಗಳು ಅವರನ್ನು ಕರೆಸಿದರು. ಐದು ನಿಮಿಷದಲ್ಲಿ ಹಿಂತಿರುಗಿ ಬಂದು ಚಹಾ ತರಲು ಹೇಳಿದರು.

“ಏನಂದ್ರು ಸಾಹೇಬ್ರೆ?” ಎಂದೆ.

“ಕುರ್ಚಿ ಮ್ಯಾಲ ಕೂಡು ಅನ್ನಲಿಲ್ಲ,” ಎಂದರು.

ಅಂಬಿಗ ಅಂದೇ ಹೊರಟ. ಉಪಮಂತ್ರಿಗಳು ಹಲಗೆಯನ್ನು ತೆಗೆದುಕೊಂಡು ಹೋಗು ಎಂದರು. “ಇರಲ್ರಿ, ಊರಾಗ ಇನ್ನೂ ಭಾಳ ಐತಿ,” ಎಂದ. ಮರುದಿನ ಕಸ ಗುಡಿಸುವವಳು ಅದನ್ನು ಎಸೆದಳು.

ದೋಣಿ ಮಂಜೂರಾಯಿತು. ಬೇರೊಂದು ದಂಡೆಯಲ್ಲಿ ಹೆಚ್ಚುವರಿಯಾಗಿದ್ದ ದೋಣಿಯನ್ನು ರಿಪೇರಿ ಮಾಡಿ ಕಳಿಸುವುದೆಂದು ಆದೇಶ. ಅದು ತಲುಪುವ ಮೊದಲೇ ಹೊಳೆ ಬಂತು. ಹಳೆಯ ದೋಣಿ ಅಯೋಗ್ಯವೆಂದು ಸಭೆಯಲ್ಲೇ ಹೇಳಿಯಾಗಿದ್ದರಿಂದ ಅದನ್ನು ಬಿಡಲು ತಾಲೂಕಿನವರು ಒಪ್ಪಲಿಲ್ಲ. ಒಂಬತ್ತು ದಿನ ಊರು ಆಚೆಗೇ ಉಳಿಯಿತು. ಆ ಒಂಬತ್ತು ದಿನ ನಾನು ಪೇಪರನ್ನು ಹಿಂದಿನ ಪುಟದಿಂದ ಓದುತ್ತಿದ್ದೆ, ಜಿಲ್ಲೆಯ ಸುದ್ದಿ ಅಲ್ಲಿರುತ್ತಿತ್ತು. ಆಮೇಲೆ ಮಾಸ್ತರರ ಅಕ್ಷರದಲ್ಲಿ ಅಂಬಿಗನ ಪತ್ರ ಬಂತು. ದೋಣಿ ಬಂದಿದೆ. ಬಹಳ ಭಾರ, ಇಬ್ಬರು ಹುಟ್ಟು ಹಾಕುತ್ತಿದ್ದಲ್ಲಿ ನಾಲ್ವರು ಬೇಕು. ಮೊದಲ ದಿನ ಪೂಜೆ ಮಾಡಿ ಒಬ್ಬ ಬಸುರಿಯನ್ನು ದವಾಖಾನೆಗೆ ಕರೆದೊಯ್ದೆವು. ಗೌಡರಿಗೆ ಶರಣು. ಕಾರ್ಡ್ ಬರೆಯುವ ಬಾಯಾರಿಗೂ.

ರೂಢಿಯಂತೆ ಅದಕ್ಕೂ ಕಾರ್ಡ್ ಬರೆಯಬೇಕಿತ್ತು. ‘ತಮ್ಮ ಪತ್ರ ತಲುಪಿದೆ’ ಎಂದು ಬರೆದೆ. ಮುಂದಿನ ವಾಕ್ಯ ಕೈಗೆ ತಾನಾಗಿ ಬಂದುಬಿಡುತ್ತಿತ್ತು, ತಡೆದೆ. ಬದಲಿಗೆ ಏನು ಬರೆಯುವುದೆಂದು ತಿಳಿಯಲಿಲ್ಲ. ಅರ್ಧ ಖಾಲಿಯಿದ್ದ ಕಾರ್ಡನ್ನೇ ಅಂಚೆಗೆ ಹಾಕಿದೆ.

ನವೆಂಬರಿನಲ್ಲಿ ಜಿಲ್ಲೆಗಳು ಹೊಸ ರಾಜ್ಯಕ್ಕೆ ಸೇರಿದವು. ಉಪಮಂತ್ರಿಗಳು ಬರೀ ಸದಸ್ಯರಾಗಿ ಬೆಂಗಳೂರಿಗೆ ಹೋದರು. ಅಲ್ಲಿ ಅವರಿಗೆ ಮಂತ್ರಿಪದವಿ ಸಿಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಟಿಕೆಟ್ಟೂ ಸಿಗಲಿಲ್ಲ. ಇದಕ್ಕೆ ದೋಣಿ ಕಾರಣವೆಂದು ಹೇಳುವವರಿದ್ದಾರೆ. ಟಿಕೆಟ್ ಸಿಗದ ಎಷ್ಟೋ ಮಂದಿ ಯಾವ ಉತ್ತರವನ್ನೂ ತಿದ್ದಿದವರಲ್ಲ. ಹಾಗಾಗಿ ನಾನು ಹೇಳಲಾರೆ.

ಅದಕ್ಕೂ ಮೊದಲು, ಅಕ್ಟೋಬರಿನಲ್ಲಿ, ಕರ್ನಾಟಕದ ಜಿಲ್ಲೆಗಳ ಕಡತಗಳನ್ನು ವಿಂಗಡಿಸಿ ಬೆಂಗಳೂರಿಗೆ ಕಳಿಸುವ ಕೆಲಸ ನಡೆಯಿತು. ಕನ್ನಡ ಓದಬಲ್ಲವಳೆಂದು ನನ್ನನ್ನೂ ಹಾಕಿದರು. ಜಿಲ್ಲೆವಾರು ಕಟ್ಟು ಕಟ್ಟುವುದು, ಪಟ್ಟಿ ಮಾಡುವುದು, ಟ್ರಂಕಿಗೆ ತುಂಬುವುದು. ಆ ದೋಣಿಯ ತಪಾಸಣೆಯ ಕಡತ ನನ್ನ ಕೈಗೇ ಬಂತು. ಹಾಳೆ ಎಣಿಸುವಾಗ ವರದಿಯ ಹಿಂದೆ ಮೂರನೆಯ ಒಂದು ಅರ್ಜಿ ಕಂಡಿತು. ಕನ್ನಡದ್ದು, ಅದೇ ಊರಿನದು, ಸಭೆಯ ಪ್ರಶ್ನೆಗಿಂತ ಒಂದು ವರ್ಷ ಮೊದಲಿನದು. ನಾನು ಕೆಲಸಕ್ಕೆ ಸೇರುವುದಕ್ಕಿಂತಲೂ ಮುಂಚಿನದು. ರಜಿಸ್ಟರಿನಲ್ಲಿ ಅದರ ನಮೂದಿಲ್ಲ. ಅದನ್ನು ಓದಿ, ಅದು ದೋಣಿಯದೆಂದು ತಿಳಿದು, ಸರಿಯಾದ ಕಡತಕ್ಕೆ ಸೇರಿಸಿದವರು ಯಾರೋ ಒಬ್ಬರು ಇರಲೇಬೇಕು. ಮೂಲೆಯಲ್ಲಿ ತಾರೀಖು, ಕೆಳಗೆ ಎರಡಕ್ಷರದ ಸಹಿ. ಆ ಸಹಿ ಕಾಕಾನದು. ಅನುವಾದಕರನ್ನು ಬಿಟ್ಟರೆ ಆ ವಿಭಾಗದಲ್ಲಿ ಕನ್ನಡ ಓದಬಲ್ಲವರೂ ಅವರೊಬ್ಬರೇ.

ನಾನು ಅರ್ಜಿಯನ್ನು ಇದ್ದಲ್ಲೇ ಇಟ್ಟು ಕಟ್ಟು ಕಟ್ಟಿದೆ. ಪಟ್ಟಿಯಲ್ಲಿ ಅದರ ಪುಟಸಂಖ್ಯೆ ಬರೆದೆ.

ಕಾಕಾ ಮರೆತಿರಬಹುದು. ಒಂದು ವರ್ಷದಲ್ಲಿ ಅವರ ಕೈಯಿಂದ ಎಷ್ಟು ಸಾವಿರ ಹಾಳೆ ಹಾದುಹೋಗಿರಬೇಕು. ನಾನೇ ನನ್ನ ಕೈಯಾರೆ ಬರೆದ ಕಾರ್ಡನ್ನು ತಿಂಗಳುಗಳಲ್ಲಿ ಮರೆತವಳು. ಹೀಗೆ ಅವರ ಪರವಾಗಿ ವಾದಿಸುತ್ತ ಒಂದು ಭಾನುವಾರದ ತನಕ ಸುಮ್ಮನಿದ್ದೆ. ಅಂದು ಅವರು ಚಾಳಿನ ಗ್ಯಾಲರಿಯಲ್ಲಿ ಪೇಪರ್ ಹಿಡಿದು ಕೂತಿದ್ದರು. ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಒಳಗಿದ್ದ ಕಾಕುವಿಗೆ, “ನಳ ಬಂತೇನು ನೋಡು,” ಎಂದರು.

ನಿವೃತ್ತಿಯಾದ ಮೇಲೆ ಅವರಿಬ್ಬರೂ ಧಾರವಾಡಕ್ಕೆ ಹೋದರು. ನಾನು ಮುಂಬಯಿಯಲ್ಲೇ ಉಳಿದೆ. ತಿಂಗಳಿಗೊಂದು ಪತ್ರ ಬರೆಯುತ್ತೇನೆ, ಅವರೂ ತಪ್ಪದೆ ಉತ್ತರಿಸುತ್ತಾರೆ. ಕಾಕುವಿನ ಮೊಣಕಾಲು, ಹೊಸ ಮನೆಯ ಬಾಡಿಗೆದಾರರು, ನಾನು ಕೇಳಿದ ಪುಸ್ತಕ ಸಿಕ್ಕಿತೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಕಚೇರಿಯ ಅಭ್ಯಾಸ, ನನ್ನ ಪತ್ರದ ಯಾವ ಅಂಶವನ್ನೂ ಬಿಡುವುದಿಲ್ಲ. ಕಳೆದ ದೀಪಾವಳಿಯ ಪತ್ರದಲ್ಲಿ ನಾನು ಮತ್ತೆ ಅದನ್ನು ಬರೆದೆ. ಬಂದ ಉತ್ತರದಲ್ಲಿ ಮಿಕ್ಕೆಲ್ಲ ಇತ್ತು, ಅದೊಂದು ಇರಲಿಲ್ಲ. ನಾನು ಬರೆದದ್ದು ಇಷ್ಟೇ: ‘ಕಾಕಾ, ಅರ್ಜಿ ಬಂದಿಲ್ಲ ಅಂತ ನೀವು ಬರೀವಾಗ, ಆ ಮೊದಲಿನ ಅರ್ಜಿ ನಿಮಗ ನೆನಪಿತ್ತೇನು?’